ಮೇಣದಬತ್ತಿಯ ಮೇಲಿಟ್ಟ ಕಷಾಯ ಬಿಸಿಯಾಗುವುದಿಲ್ಲ ಏಕೆ?

ಪ್ರಶ್ನೆ: ನಾವು ತೀರ್ಥಹಳ್ಳಿ ಸಮೀಪದ ಹಳ್ಳಿಯವರು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ನಮ್ಮ ಅತ್ತೆಯವರಿಗೆ 78 ವರ್ಷ. ಸಂಜೆಯಿಂದ ಮಲಗುವವರೆಗೆ ಗುಟುಕು ಗುಟುಕಾಗಿ ಬಿಸಿ ಕಷಾಯ ಕುಡಿಯುವುದು ಅವರ ರೂಢಿ. ಅರ್ಧ ಗಂಟೆಗೊಮ್ಮೆ ಗ್ಯಾಸ್ ಹಚ್ಚುವುದು ತಪ್ಪಲಿ ಎಂದು ಒಂದು ವಿಡಿಯೊ ನೋಡಿ, ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು, ಒಳಗೆ ಟೀಲೈಟ್ ಮೇಣದಬತ್ತಿಯನ್ನು ಜ್ವಾಲೆ ತಾಗುವಷ್ಟು ಎತ್ತರಿಸಿ ಇಟ್ಟು, ಮೇಲೆ ಸ್ಟೀಲ್ ಲೋಟದಲ್ಲಿ ತಣ್ಣೀರು ಇಟ್ಟು ನೋಡಿದೆ. ಒಂದು ಗಂಟೆಯಾದರೂ ನೀರು ಉಗುರು ಬೆಚ್ಚಗಷ್ಟೇ ಆಯಿತು, ಲೋಟದ ತಳ ಮಸಿ ಹಿಡಿಯಿತು. ಲೋಟ ಸೋರದಿದ್ದರೂ ಬತ್ತಿಯ ಮೇಲೆ ನೀರು ಹನಿಯುತ್ತಿತ್ತು. ಮಾರನೆಯ ದಿನ ನಾಲ್ಕು ಬತ್ತಿಗಳನ್ನು ಒತ್ತಾಗಿ ಇಟ್ಟಾಗ ಮೇಣಕ್ಕೆಲ್ಲ ಬೆಂಕಿ ಹತ್ತಿ ಡಬ್ಬದ ಹೊರಗೂ ಜ್ವಾಲೆ ಬಂತು. ಅತ್ತೆ ನೀರು ತರಲು ಎದ್ದರು, ಅಷ್ಟರಲ್ಲಿ ನಾನು ತಟ್ಟೆ ಮುಚ್ಚಿ ಆರಿಸಿದೆ. ಮೇಣದಬತ್ತಿಯೇ ಕಳಪೆಯೇ? ಹೊಗೆ ಕಷಾಯಕ್ಕೆ ಸೇರಿ ವಿಷವಾಗುತ್ತದೆಯೇ? ಅತ್ತೆಯವರ ಕೋಣೆಯಲ್ಲಿ ಇದನ್ನು ಇಡಬಹುದೇ? ಮೇಣದ ಬದಲು ಹಣತೆ ಇಟ್ಟರೆ ಹೇಗೆ?

ಉತ್ತರ: ನೀವು ತಟ್ಟೆ ಮುಚ್ಚಿ ಬೆಂಕಿ ಆರಿಸಿದ್ದು ಅತ್ಯಂತ ಸರಿಯಾದ ಕೆಲಸ. ಅದರ ಮೇಲೆ ನೀರು ಬಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಮುಂದೆ ವಿವರಿಸುತ್ತೇನೆ, ಏಕೆಂದರೆ ಮನೆಯಲ್ಲಿರುವ ಎಲ್ಲರಿಗೂ ಅದು ತಿಳಿದಿರಬೇಕು. ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಸಾಧನ ಕೆಲಸ ಮಾಡುತ್ತಿಲ್ಲ ಎಂಬುದು ಒಂದು, ಅದರಿಂದ ಅಪಾಯವಾದೀತೇ ಎಂಬುದು ಇನ್ನೊಂದು. ಒಲೆ ಮತ್ತು ಬರ್ನರ್‌ಗಳ ವಿನ್ಯಾಸದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಹೇಳುವುದಾದರೆ, ಇವೆರಡಕ್ಕೂ ಮೂಲ ಒಂದೇ. ಮೇಣದಬತ್ತಿಯಿಂದ ಒಲೆಯ ಕೆಲಸವನ್ನು ಮಾಡಿಸಲು ಹೊರಟಿದ್ದೀರಿ. ಅದು ಪಾನೀಯವನ್ನು ಕಾಯಿಸಲಾರದು, ಕಾಯಿಸಿದ್ದನ್ನು ಬಿಸಿಯಾಗಿ ಉಳಿಸಬಲ್ಲದು. ವಿಡಿಯೊಗಳಲ್ಲಿ ಈ ವ್ಯತ್ಯಾಸವನ್ನು ಹೇಳುವುದಿಲ್ಲ, ಹಾಗಾಗಿ ಜನ ಬತ್ತಿಗಳ ಸಂಖ್ಯೆಯನ್ನು ಹೆಚ್ಚಿಸುತ್ತಾ ಹೋಗುತ್ತಾರೆ.

ನಿಮ್ಮ ಮೇಣದಬತ್ತಿ ಕಳಪೆಯಾಗಿರಬೇಕಿಲ್ಲ. ತಗಡಿನ ಪುಟ್ಟ ಬಟ್ಟಲಿನಲ್ಲಿ ಬರುವ ಒಂದು ಟೀಲೈಟ್‌ನಲ್ಲಿ 12ರಿಂದ 15 ಗ್ರಾಂ ಪ್ಯಾರಾಫಿನ್ ಮೇಣ ಇರುತ್ತದೆ ಮತ್ತು ಅದು 3ರಿಂದ 4 ಗಂಟೆ ಉರಿಯುತ್ತದೆ. ಒಂದು ಗ್ರಾಂ ಪ್ಯಾರಾಫಿನ್ ಉರಿದರೆ ಸುಮಾರು 46 ಕಿಲೋಜೂಲ್ ಶಾಖ ಹೊರಬರುತ್ತದೆ. ಈ ಲೆಕ್ಕದಲ್ಲಿ ಒಂದು ಟೀಲೈಟ್‌ನ ಶಕ್ತಿ 40 ವಾಟ್‌ನ ಆಸುಪಾಸಿನಲ್ಲಿದೆ. ಅಡುಗೆ ಮನೆಯ ಗ್ಯಾಸ್ ಒಲೆಯ ಸಣ್ಣ ಬರ್ನರ್ ಕೂಡ ಸಾವಿರ ವಾಟ್ ಮೀರುತ್ತದೆ. ಮೇಲಾಗಿ ಆ 40 ವಾಟ್ ಪೂರ್ತಿಯಾಗಿ ಲೋಟಕ್ಕೆ ಸಿಗುವುದಿಲ್ಲ. ಬಿಸಿ ಗಾಳಿಯ ಬಹುಪಾಲು ಲೋಟದ ಪಕ್ಕದಿಂದ ಮೇಲೆ ಹೋಗುತ್ತದೆ, ಇನ್ನಷ್ಟು ಡಬ್ಬವನ್ನು ಬಿಸಿ ಮಾಡುವುದರಲ್ಲಿ ಕಳೆಯುತ್ತದೆ. ಮನೆಯಲ್ಲಿ ಮಾಡಿದ ಸಾಧನದಲ್ಲಿ ಮೂರನೇ ಒಂದು ಭಾಗ, ಅಂದರೆ 12 ವಾಟ್‌ನಷ್ಟು ನೀರಿಗೆ ಸೇರಿದರೆ ಅದನ್ನು ಒಳ್ಳೆಯ ಸಾಧನವೆಂದೇ ಎಣಿಸಬೇಕು.

ಈಗ ನಿಮ್ಮ ಲೋಟದ ಲೆಕ್ಕ ನೋಡೋಣ. 200 ಮಿಲಿಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 90 ಡಿಗ್ರಿಗೆ ಏರಿಸಲು ಸುಮಾರು 59 ಕಿಲೋಜೂಲ್ ಬೇಕು. 12 ವಾಟ್‌ನಲ್ಲಿ ಇಷ್ಟು ಶಾಖ ಕೂಡಿಬರಲು 80 ನಿಮಿಷ ಬೇಕು, ಅದೂ ಒಂದಿಷ್ಟೂ ಶಾಖ ನಷ್ಟವಾಗದಿದ್ದರೆ. ಆದರೆ ನೀರು ಬಿಸಿಯಾದಂತೆಲ್ಲ ಅದರಿಂದ ಹೊರಹೋಗುವ ಶಾಖವೂ ಹೆಚ್ಚುತ್ತದೆ. ಪಾತ್ರೆಯ ಗೋಡೆಯಿಂದ ಒಂದಷ್ಟು ಹೋದರೆ, ತೆರೆದ ಬಾಯಿಯಿಂದ ಏಳುವ ಹಬೆ ಇನ್ನಷ್ಟನ್ನು ಒಯ್ಯುತ್ತದೆ. 50 ಡಿಗ್ರಿಯ ಆಸುಪಾಸಿಗೆ ಬರುವಷ್ಟರಲ್ಲಿ, ಮುಚ್ಚಳವಿಲ್ಲದ ಲೋಟ ಕಳೆದುಕೊಳ್ಳುವ ಶಾಖವೂ ಬತ್ತಿ ಕೊಡುವ ಶಾಖವೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಎಷ್ಟು ಹೊತ್ತು ಕಾದರೂ ನೀರಿನ ಬಿಸಿ ಏರುವುದಿಲ್ಲ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಕುದಿಸಿದ ಕಷಾಯವನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಹಾಕಿ ಬತ್ತಿಯ ಮೇಲಿಟ್ಟರೆ, ಅದು ನಿಧಾನವಾಗಿ ಇಳಿದು 55ರಿಂದ 60 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಗುಟುಕಿಸಲು ಹಿತವಾದ ಬಿಸಿಯೂ ಅದೇ. ಮುಚ್ಚಳವೊಂದರಿಂದಲೇ ಸುಮಾರು 10 ಡಿಗ್ರಿಯ ಲಾಭವಿದೆ ಎಂದು ನಾನು ಅಂದಾಜಿಸುತ್ತೇನೆ. ಎರಡನೆಯ ಬತ್ತಿ ಇಡುವ ಯೋಚನೆ ಬಂದಾಗಲೆಲ್ಲ ಮೊದಲು ಮುಚ್ಚಳವನ್ನು ಹುಡುಕಿ.

ಯುರೋಪಿನಲ್ಲಿ ಈ ಬಗೆಯ ಸಾಧನ ಹೊಸದಲ್ಲ. ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾದಲ್ಲಿ ಚಹಾದ ಕೆಟಲನ್ನು ಪುಟ್ಟ ಮೇಣದಬತ್ತಿ ಉರಿಯುವ ಪೀಠದ ಮೇಲಿಟ್ಟು ಗಂಟೆಗಟ್ಟಲೆ ಕುಡಿಯುವುದು ಮನೆಮನೆಯ ಪದ್ಧತಿ. ಅಲ್ಲಿಯೂ ಚಹಾ ತಯಾರಾಗುವುದು ಕುದಿನೀರಿನಿಂದ. ಪೀಠದ ಕೆಲಸ ಅದು ಆರದಂತೆ ನೋಡಿಕೊಳ್ಳುವುದಷ್ಟೇ.

ಮಸಿಯ ವಿಷಯಕ್ಕೆ ಬರೋಣ. ಮೇಣದ ಜ್ವಾಲೆಯ ಹಳದಿ ಭಾಗ ಬೆಳಗುವುದೇ ಅದರೊಳಗೆ ಕಾದು ಹೊಳೆಯುವ ಇಂಗಾಲದ ಸೂಕ್ಷ್ಮ ಕಣಗಳಿಂದ. ಜ್ವಾಲೆಗೆ ಅಡ್ಡಿಯಿಲ್ಲದಿದ್ದರೆ ಆ ಕಣಗಳು ತುದಿಯನ್ನು ತಲುಪುವಾಗ ಗಾಳಿಯೊಂದಿಗೆ ಬೆರೆತು ಪೂರ್ತಿ ಉರಿದುಹೋಗುತ್ತವೆ. ತಣ್ಣನೆಯ ಲೋಹವೊಂದು ಜ್ವಾಲೆಯ ನಡುವೆ ಬಂದರೆ ಅವು ಉರಿಯುವ ಮೊದಲೇ ತಣ್ಣಗಾಗಿ ಅದಕ್ಕೆ ಅಂಟಿಕೊಳ್ಳುತ್ತವೆ. ಬತ್ತಿಯನ್ನು ಎತ್ತರಿಸಿ ಜ್ವಾಲೆ ತಾಗಿಸಿದರೆ ಹೆಚ್ಚು ಬಿಸಿಯಾದೀತು ಎಂಬ ನಿಮ್ಮ ಯೋಚನೆ ಸಹಜವಾದದ್ದೇ, ಆದರೆ ಫಲ ವಿರುದ್ಧವಾಗುತ್ತದೆ. ಜ್ವಾಲೆ ಅರೆಬರೆ ಉರಿದು, ಬರಬೇಕಾದ ಶಾಖದ ಒಂದು ಪಾಲು ಮಸಿಯಾಗಿ ಪಾತ್ರೆಗೆ ಮೆತ್ತಿಕೊಳ್ಳುತ್ತದೆ. ಜ್ವಾಲೆಯ ತುದಿಗೂ ಪಾತ್ರೆಯ ತಳಕ್ಕೂ ನಡುವೆ ಎರಡು ಬೆರಳಿನ, ಅಂದರೆ ಎರಡೂವರೆಯಿಂದ ಮೂರು ಸೆಂಟಿಮೀಟರ್ ಅಂತರವಿರಬೇಕು.

ಬತ್ತಿಯ ಮೇಲೆ ಹನಿದ ನೀರು ಜ್ವಾಲೆಯಿಂದಲೇ ಹುಟ್ಟಿದ್ದು. ಮೇಣದಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾವಿಯಾಗುತ್ತದೆ. ಒಂದು ಗ್ರಾಂ ಮೇಣ ಉರಿದರೆ ಒಂದೂ ಕಾಲು ಗ್ರಾಂಗಿಂತ ಹೆಚ್ಚು ನೀರು ಉಂಟಾಗುತ್ತದೆ. ಸಾಮಾನ್ಯವಾಗಿ ಅದು ಕಾಣಿಸದೆ ಗಾಳಿಗೆ ಹೋಗುತ್ತದೆ. ಲೋಟದೊಳಗೆ ತಣ್ಣೀರಿದ್ದುದರಿಂದ ಅದು ತಣ್ಣನೆಯ ತಳದ ಮೇಲೆ ಹನಿಗಟ್ಟಿ ಕೆಳಗೆ ಬಿತ್ತು, ಬತ್ತಿ ಚಟಪಟ ಎಂದಿತು. ಮಸಿ, ಹನಿ, ನಿಧಾನ ಈ ಮೂರೂ ತಣ್ಣೀರಿನಿಂದ ಆರಂಭಿಸಿದ್ದರಿಂದಲೇ ಹೆಚ್ಚಾಗಿವೆ. ಬಿಸಿ ಕಷಾಯವನ್ನೇ ಇಟ್ಟರೆ ತಳ ಮೊದಲೇ ಬಿಸಿಯಾಗಿರುವುದರಿಂದ ಹನಿ ಕಟ್ಟುವುದಿಲ್ಲ.

ಈಗ ಆ ಬೆಂಕಿಯ ವಿಷಯ. ಪ್ಯಾರಾಫಿನ್ 50ರಿಂದ 60 ಡಿಗ್ರಿಯ ಸುತ್ತಮುತ್ತ ಕರಗುತ್ತದೆ. ಸುಮಾರು 200 ಡಿಗ್ರಿ ಮುಟ್ಟಿದರೆ, ಬತ್ತಿಯ ನೆರವಿಲ್ಲದೆಯೂ ಹೊತ್ತಿಕೊಳ್ಳುವಷ್ಟು ಆವಿ ಕರಗಿದ ಮೇಣದಿಂದ ಏಳತೊಡಗುತ್ತದೆ. ಒಂದೇ ಬತ್ತಿ ತನ್ನ ಪಾಡಿಗೆ ಉರಿಯುವಾಗ ಮೇಣ ಆ ಮಟ್ಟಕ್ಕೆ ಹೋಗುವುದಿಲ್ಲ. ನಾಲ್ಕನ್ನು ಒತ್ತಾಗಿಟ್ಟು, ಸುತ್ತ ತಗಡಿನ ಗೋಡೆ ಕಟ್ಟಿ, ಮೇಲೆ ಲೋಟ ಮುಚ್ಚಿದರೆ ಒಂದರ ಶಾಖ ಇನ್ನೊಂದರ ಮೇಣವನ್ನು ಕಾಯಿಸುತ್ತದೆ. ಕೊನೆಗೆ ಬತ್ತಿಯಷ್ಟೇ ಅಲ್ಲದೆ ಮೇಣದ ಮೇಲ್ಮೈ ಪೂರ್ತಿ ಉರಿಯುತ್ತದೆ. ನೀವು ಕಂಡದ್ದು ಇದನ್ನೇ. ಆ ಕಾದ ಮೇಣದ ಮೇಲೆ ನೀರು ಬಿದ್ದರೆ, ನೀರು ಮೇಣಕ್ಕಿಂತ ಭಾರವಾದ್ದರಿಂದ ಕೆಳಗಿಳಿದು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚಾಗುತ್ತದೆ. ಉರಿಯುವ ಮೇಣವೆಲ್ಲ ಚಿಮ್ಮಿ ಆಳೆತ್ತರದ ಬೆಂಕಿಯುಂಡೆಯಾಗುತ್ತದೆ. ಕಾದ ಎಣ್ಣೆಯ ಬಾಣಲೆಗೆ ಬೆಂಕಿ ಹತ್ತಿದಾಗಲೂ ಇದೇ ಎಚ್ಚರಿಕೆ ಬೇಕು. ಮುಚ್ಚಬೇಕು, ನೀರು ಹಾಕಬಾರದು, ಡಬ್ಬವನ್ನು ಎತ್ತಿಕೊಂಡು ಓಡಬಾರದು, ಮುಚ್ಚಿದ್ದನ್ನು ಪೂರ್ತಿ ತಣ್ಣಗಾಗುವ ತನಕ ತೆರೆಯಬಾರದು. ಇದನ್ನು ದಯವಿಟ್ಟು ನಿಮ್ಮ ಅತ್ತೆಯವರಿಗೂ ಮಕ್ಕಳಿಗೂ ತಿಳಿಸಿ ಹೇಳಿ.

ಇದೇ ಸಂದರ್ಭದಲ್ಲಿ ಇನ್ನೊಂದು ತಪ್ಪು ನಂಬಿಕೆಯ ಬಗ್ಗೆ ಹೇಳುವುದು ಅಗತ್ಯ. ಹೂಕುಂಡವನ್ನು ಕವುಚಿ, ಕೆಳಗೆ ನಾಲ್ಕಾರು ಟೀಲೈಟ್ ಹಚ್ಚಿದರೆ ಇಡೀ ಕೋಣೆ ಬೆಚ್ಚಗಾಗುತ್ತದೆ ಎಂಬ ವಿಡಿಯೊಗಳು ಬಹಳ ಹರಡಿವೆ. ಕುಂಡ ಮುಚ್ಚಿದ ಮಾತ್ರಕ್ಕೆ ಮೇಣದಲ್ಲಿಲ್ಲದ ಶಾಖ ಹುಟ್ಟುವುದಿಲ್ಲ. ನಾಲ್ಕು ಬತ್ತಿಗಳಿಂದ ಸಿಗುವುದು 160 ವಾಟ್ ಮಾತ್ರ. 2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ದರ ಏರಿದಾಗ ಜನ ಇದನ್ನು ಪ್ರಯತ್ನಿಸತೊಡಗಿದ್ದರಿಂದ, ಜರ್ಮನಿಯ ಅಗ್ನಿಶಾಮಕ ದಳದವರು ಇದೇ ಮೇಣದ ಬೆಂಕಿಯ ಕಾರಣ ಕೊಟ್ಟು ಎಚ್ಚರಿಸಬೇಕಾಯಿತು.

ಹೊಗೆಯಿಂದ ಕಷಾಯ ವಿಷವಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಮಸಿ ಲೋಟದ ಹೊರಗೆ ಉಳಿಯುತ್ತದೆ, ಪಾತ್ರೆಗೆ ಮುಚ್ಚಳವಿದ್ದರೆ ಮೇಲೆದ್ದ ಹೊಗೆಯೂ ಒಳಗೆ ಸೇರುವುದಿಲ್ಲ. ಒಂದು ಟೀಲೈಟ್ ಗಂಟೆಗೆ ಮೂರೂವರೆ ಗ್ರಾಂನಷ್ಟು ಮೇಣವನ್ನು ಉರಿಸಿ ಬಿಡುವ ಇಂಗಾಲದ ಡೈಆಕ್ಸೈಡ್, ಸುಮ್ಮನೆ ಕುಳಿತಿರುವ ಒಬ್ಬ ವ್ಯಕ್ತಿ ಉಸಿರಿನಲ್ಲಿ ಬಿಡುವುದರ ಅರ್ಧದಷ್ಟೂ ಇಲ್ಲ. ಗಾಳಿ ಸಾಲದೆ ಹೊಗೆಯಾಡುವ ಬತ್ತಿಯಿಂದ ಮಾತ್ರ ಮಸಿಯೂ ಇಂಗಾಲದ ಮಾನಾಕ್ಸೈಡೂ ಹೆಚ್ಚು ಬರುತ್ತವೆ. ಹಾಗಾಗಿ ಡಬ್ಬದ ಬುಡದಲ್ಲಿ ಗಾಳಿ ಒಳಗೆ ಬರಲು ದಾರಿ ಇರಲೇಬೇಕು. ಸುವಾಸನೆಯ ಮೇಣದಬತ್ತಿ ಬೇಡ. ಅದರ ವಾಸನೆ ಪಾನೀಯಕ್ಕೂ ಹತ್ತುತ್ತದೆ, ಮಸಿಯೂ ಹೆಚ್ಚು.

ಆದರೂ ಅತ್ತೆಯವರ ಮಲಗುವ ಕೋಣೆಯಲ್ಲಿ ಇದನ್ನು ಇಡಬೇಡಿ. ಅಲ್ಲಿರುವ ಭಯ ಅನಿಲದ್ದಲ್ಲ, ಸೊಳ್ಳೆಪರದೆ, ಕಂಬಳಿ ಮತ್ತು ಸೀರೆಯ ಸೆರಗಿನದು. ವಯಸ್ಸಾದವರು ಕತ್ತಲೆಯಲ್ಲಿ ಕೈಚಾಚಿ ಲೋಟ ಹುಡುಕುವಾಗ ಏನಾಗಬಹುದು ಎಂಬುದನ್ನು ನೀವೇ ಊಹಿಸಬಲ್ಲಿರಿ. ಜಗುಲಿಯಲ್ಲೋ ಊಟದ ಮೇಜಿನ ಮೇಲೋ, ಎಚ್ಚರವಿರುವವರೊಬ್ಬರ ಕಣ್ಣೆದುರಿಗೆ ಇರಲಿ. ಮಲಗುವ ಮುನ್ನ ಆರಿಸಿ. ಇದೇ ಮಾತಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಸೇರಿಸಬೇಡಿ, ಅದು ಬೇರೆಯೇ ಪ್ರಶ್ನೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಬರುವ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ನಿಮ್ಮ ಬಳಿ ಇರುವ ಡಬ್ಬವನ್ನೇ ಸರಿಪಡಿಸಿಕೊಳ್ಳಬಹುದು. ಅಂಗೈಯಗಲದ, ಗೇಣಿಗಿಂತ ತುಸು ಕಡಿಮೆ ಎತ್ತರದ ಡಬ್ಬ ಈ ಕೆಲಸಕ್ಕೆ ಸರಿಯಾದದ್ದು. ಅದನ್ನು ಬಾಯಿ ಕೆಳಗಾಗಿ ಕವುಚಿ. ಈಗ ಮೇಲಕ್ಕೆ ಬಂದ ತಳದ ನಡುವೆ ಐದಾರು ಸೆಂಟಿಮೀಟರ್ ಅಗಲದ ದುಂಡನೆಯ ಕಿಂಡಿ ಕತ್ತರಿಸಬೇಕು. ತಗಡು ಕತ್ತರಿ ಇಲ್ಲದಿದ್ದರೆ ತಗಡಿನ ಕೆಲಸದವರಿಂದ ಮಾಡಿಸಿ, ಅಂಚನ್ನು ಅರದಿಂದ ಉಜ್ಜಿಸಿ, ಏಕೆಂದರೆ ಆ ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ. ಕಿಂಡಿ ಇರುವುದರಿಂದ ಬಿಸಿ ಗಾಳಿ ತಗಡನ್ನು ಕಾಯಿಸುತ್ತಾ ಕೂರದೆ ನೇರವಾಗಿ ಪಾತ್ರೆಯ ತಳಕ್ಕೆ ತಾಗುತ್ತದೆ. ಮೇಲಿನ ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗೆ ಗೋಡೆಯ ಸುತ್ತ ಪೆನ್ಸಿಲ್ ತೂರುವಷ್ಟು ದಪ್ಪದ ಎಂಟು ಹತ್ತು ತೂತುಗಳಿರಲಿ, ತಳವನ್ನು ಸವರಿದ ಗಾಳಿ ಅಲ್ಲಿಂದ ಹೊರಹೋಗುತ್ತದೆ. ನೆಲಕ್ಕೆ ತಾಗುವ ಅಂಚಿನಲ್ಲಿ ಎರಡು ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರ್ ಎತ್ತರದ ನಾಲ್ಕು ಕಚ್ಚುಗಳನ್ನು ಮಾಡಿ, ತಾಜಾ ಗಾಳಿ ಅಲ್ಲಿಂದ ಒಳಗೆ ಬರುತ್ತದೆ. ವಿಡಿಯೊದವರು ಗೋಡೆಯ ನಡುವೆ ಮನಸ್ಸಿಗೆ ಬಂದಲ್ಲಿ ಹೊಡೆಸುವ ತೂತುಗಳು ನೋಡಲು ಚೆಂದ, ಆದರೆ ಅವು ಜ್ವಾಲೆಯನ್ನು ಅಲುಗಾಡಿಸಿ ಮಸಿ ಹೆಚ್ಚಿಸುತ್ತವೆ.

ಬಿಸಿ ಗಾಳಿಯನ್ನು ಪಾತ್ರೆಯ ತಳಕ್ಕೆ ತಾಗಿಸಿಯೇ ಹೊರಗೆ ಬಿಡಬೇಕು ಎಂಬ ಈ ತತ್ತ್ವ ಒಲೆಗಳ ವಿನ್ಯಾಸದಲ್ಲಿ ಚೆನ್ನಾಗಿ ಪರೀಕ್ಷಿಸಲ್ಪಟ್ಟದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕಾರ್ಯಕ್ರಮದವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳಲ್ಲಿ ಅನೇಕರು ಬಳಸಿದ್ದಾರೆ. ಪಾತ್ರೆಗಳು ಒಲೆಯ ಬಾಯಲ್ಲಿ ಸರಿಯಾಗಿ ಕೂತು, ಬಿಸಿ ಗಾಳಿ ಅವುಗಳ ತಳವನ್ನು ಒಂದರ ನಂತರ ಒಂದರಂತೆ ಸವರಿ ಚಿಮಣಿಗೆ ಹೋಗುವುದರಿಂದಲೇ ಅದರಲ್ಲಿ ಸೌದೆ ಉಳಿಯುತ್ತದೆ.

ಟೀಲೈಟನ್ನು ನೇರವಾಗಿ ನೆಲದ ಮೇಲಿಟ್ಟರೆ ಈ ಡಬ್ಬದಲ್ಲಿ ಅದು ತೀರ ಕೆಳಗಾಗುತ್ತದೆ. ಕವುಚಿದ ಪುಟ್ಟ ಸ್ಟೀಲ್ ಬಟ್ಟಲಿನ ಮೇಲೆ ಅದನ್ನಿಡಿ, ಜ್ವಾಲೆಯ ತುದಿ ಪಾತ್ರೆಯಿಂದ ಎರಡು ಬೆರಳು ಕೆಳಗೆ ಬರುವಂತೆ ಬಟ್ಟಲನ್ನು ಆರಿಸಿಕೊಳ್ಳಿ. ಇಡೀ ಸಾಧನ ಟೈಲ್ಸ್ ತುಂಡಿನ ಮೇಲೋ ಕಡಪ ಕಲ್ಲಿನ ಮೇಲೋ ಇರಲಿ, ಪ್ಲಾಸ್ಟಿಕ್ ಹಾಸಿನ ಮೇಜಿನ ಮೇಲೆ ಬೇಡ. ಮೊದಲ ಸಲ ಬಳಸುವ ಮುನ್ನ ಡಬ್ಬದ ಕಾಗದವನ್ನೆಲ್ಲ ಕಿತ್ತು ತೊಳೆದು, ಹೊರಗೆ ಗಾಳಿಯಾಡುವ ಕಡೆ, ಮೇಲೆ ನೀರಿನ ಪಾತ್ರೆ ಇಟ್ಟು ಒಂದು ಬತ್ತಿ ಪೂರ್ತಿ ಉರಿಯಲು ಬಿಡಿ. ತಗಡಿನ ಮೇಲಿನ ಬಣ್ಣ ಮತ್ತು ಒಳಲೇಪ ಕಾದು ವಾಸನೆ ಬರುತ್ತದೆ. ಎರಡನೆಯ ಬತ್ತಿಗೂ ವಾಸನೆ ಹೋಗದಿದ್ದರೆ ಆ ಡಬ್ಬವನ್ನು ಬಿಟ್ಟುಬಿಡಿ, ಹಳೆಯ ಸ್ಟೀಲ್ ಡಬ್ಬಿಯಿಂದ ಮಾಡಿಸಿಕೊಳ್ಳಿ.

ಪಾತ್ರೆಯ ಆಯ್ಕೆಯೂ ಅಷ್ಟೇ ಮುಖ್ಯ. ಎತ್ತರದ ಲೋಟಕ್ಕಿಂತ ಅಗಲ ತಳದ, ಮುಚ್ಚಳವಿರುವ ಪುಟ್ಟ ಸ್ಟೀಲ್ ಪಾತ್ರೆ ಒಳ್ಳೆಯದು. ಅದು ಬೇಗ ಶಾಖ ಹಿಡಿಯುತ್ತದೆ, ಮಗುಚುವುದೂ ಇಲ್ಲ. ಸಾಧಾರಣ ಗಾಜಿನ ಲೋಟ ಒಂದೇ ಕಡೆ ಬಿಸಿ ತಾಗಿದರೆ ಸಿಡಿಯಬಹುದು. ಪಿಂಗಾಣಿ ಕಪ್ಪಿನಲ್ಲಿ ಕೂದಲೆಳೆಯ ಬಿರುಕುಗಳು ಮೂಡಿ ಒಂದು ದಿನ ತಳ ಕಳಚಬಹುದು. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯನ್ನು ಖಾಲಿ ಇಡಬಾರದು, ತವರ 232 ಡಿಗ್ರಿಗೆ ಕರಗುತ್ತದೆ. ಎರಡು ಪದರದ ಸ್ಟೀಲ್ ಮಗ್ ಅಥವಾ ಫ್ಲಾಸ್ಕನ್ನು ಎಂದಿಗೂ ಜ್ವಾಲೆಯ ಮೇಲಿಡಬೇಡಿ. ಶಾಖ ಒಳಗೆ ಹೋಗುವುದಿಲ್ಲ, ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿದ್ದರೆ ಅದು ಹಿಗ್ಗಿ ಬೆಸುಗೆ ಒಡೆಯಬಹುದು.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನ್ನನ್ನು ಹೆಚ್ಚು ಕಾಡಿದ ವಿಷಯವೆಂದರೆ ಹಾಲು. ಮಲೆನಾಡಿನ ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಹಾಲು ಬೆಲ್ಲ ಬೆರೆಸುವುದು ವಾಡಿಕೆ. ಹಾಲು ಬೆರೆತ ಪಾನೀಯ 60 ಡಿಗ್ರಿಗಿಂತ ಕೆಳಗೆ, ಬೆಚ್ಚಗೆ, ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬ್ಯಾಸಿಲಸ್ ಸೀರಿಯಸ್‌ನಂಥವುಗಳ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಹಾಲು ಅವುಗಳಿಗೆ ಹೇಳಿ ಮಾಡಿಸಿದ ಜಾಗ. ಬತ್ತಿಯ ಮೇಲಿನ ಪಾತ್ರೆ ಬಹುತೇಕ ಈ ಗಡಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಹಾಲಿಲ್ಲದ ಕಷಾಯ, ಜೀರಿಗೆ ನೀರು, ಶುಂಠಿ ನೀರು ಇವನ್ನಷ್ಟೇ ಬತ್ತಿಯ ಮೇಲಿಡಿ. ಹಾಲು ಬೇಕಾದರೆ ಕುಡಿಯುವ ಹೊತ್ತಿಗೆ ಲೋಟಕ್ಕೆ ಬೆರೆಸಿ. ಹಾಲು ಹಾಕಿದ್ದು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಉಳಿದರೆ ಚೆಲ್ಲಿಬಿಡಿ. ಕಂದಮ್ಮಗಳ ಹಾಲನ್ನಂತೂ ಈ ಸಾಧನದ ಹತ್ತಿರಕ್ಕೂ ತರಬೇಡಿ.

ಇನ್ನು ಆಯ್ಕೆಗಳು. ನನ್ನ ಮನೆಯವರೇ ಕೇಳಿದ್ದರೂ ನಾನು ಮೊದಲು ಹೇಳುತ್ತಿದ್ದುದು ಫ್ಲಾಸ್ಕನ್ನೇ. ಒಳ್ಳೆಯ ಸ್ಟೀಲ್ ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯುವ ಕಷಾಯವನ್ನು ಕುತ್ತಿಗೆಯವರೆಗೆ ತುಂಬಿದರೆ, ಸಂಜೆ ತುಂಬಿದ್ದು ಮಲಗುವ ಹೊತ್ತಿಗೂ ಹಬೆಯಾಡುತ್ತದೆ. ಅದಕ್ಕೆ ಬೆಂಕಿ ಬೇಡ, ಕಾವಲು ಬೇಡ, ಕೋಣೆಯಲ್ಲೂ ಇಡಬಹುದು. ಅತ್ತೆಯವರಿಗೆ ಮುಚ್ಚಳ ತಿರುಗಿಸಲು ಕೈಯಲ್ಲಿ ಬಲ ಸಾಲದಿದ್ದರೆ ಮೇಲೆ ಒತ್ತುವ ಬಗೆಯದನ್ನು ಕೊಡಿಸಿ. ಎರಡನೆಯ ಆಯ್ಕೆ, ದೊಡ್ಡ ಪಾತ್ರೆಯ ಕುದಿನೀರಿನಲ್ಲಿ ಕಷಾಯದ ಪಾತ್ರೆಯನ್ನು ಇಳಿಸಿಟ್ಟು ದಪ್ಪ ಬಟ್ಟೆ ಸುತ್ತುವುದು. ಕಾಫಿ ಡಿಕಾಕ್ಷನ್ನನ್ನು ಹಾಗೆ ಇಡುವ ಮನೆಗಳು ಬೇಕಾದಷ್ಟಿವೆ, ಒಂದೆರಡು ಗಂಟೆಗೆ ಅದು ಸಾಕು. ಮನೆಯವರೆಲ್ಲ ಕೂತು ಮಾತಾಡುತ್ತಾ ಕುಡಿಯುವಾಗ ಮೇಣದಬತ್ತಿಯ ಪೀಠ ಚೆನ್ನಾಗಿ ಒದಗುತ್ತದೆ. ನಾನು ಅದನ್ನು ಬೇಡವೆನ್ನುವುದಿಲ್ಲ, ಆದರೆ ಒಂಟಿಯಾಗಿರುವ ವೃದ್ಧರಿಗೆ ಅದು ತಕ್ಕುದಲ್ಲ.

ಯಾವುದನ್ನೇ ಆರಿಸಿಕೊಂಡರೂ ತೀರ ಸುಡುವಂತೆ ಕುಡಿಯುವುದು ಬೇಡ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳ ಸೇವನೆ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2016ರಲ್ಲಿ ವರ್ಗೀಕರಿಸಿದೆ. ಫ್ಲಾಸ್ಕಿನಿಂದ ಬಗ್ಗಿಸಿದ್ದನ್ನು ಲೋಟದಲ್ಲಿ ಕೆಲವು ನಿಮಿಷ ಬಿಟ್ಟು ಕೊಡಿ.

ಕೊನೆಯದಾಗಿ ಹಣತೆ. ಇಡಬಹುದು, ಆದರೆ ಲಾಭವಿಲ್ಲ. ಹತ್ತಿಯ ದಪ್ಪ ಬತ್ತಿ ಎಣ್ಣೆಯಲ್ಲಿ ಉದ್ದನೆಯ, ಅಲುಗಾಡುವ ಜ್ವಾಲೆ ಕೊಡುತ್ತದೆ, ಹಾಗಾಗಿ ಮಸಿ ಟೀಲೈಟ್‌ಗಿಂತ ಹೆಚ್ಚು. ತೆರೆದ ಎಣ್ಣೆ ಕೈತಗುಲಿದರೆ ಚೆಲ್ಲುತ್ತದೆ. ಟೀಲೈಟ್ ಮುಗಿದ ದಿನ ಅನಿವಾರ್ಯವಾದರೆ ಒಂದೇ ಎಳೆಯ ತೆಳು ಬತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಅಂಚಿನಿಂದ ಅಕ್ಕಿಕಾಳಿನಷ್ಟು ಮಾತ್ರ ಹೊರಗೆಳೆದು ಹಚ್ಚಿ. ದೀಪದ ಎಣ್ಣೆ ಎಂದು ಮಾರುವವುಗಳಲ್ಲಿ ಏನು ಬೆರೆಸಿದ್ದಾರೆ ಎಂದು ಹೇಳಲಾಗುವುದಿಲ್ಲವಾದ್ದರಿಂದ ಅವು ಬೇಡ. ಸೀಮೆಎಣ್ಣೆ, ಕರ್ಪೂರ, ಸ್ಪಿರಿಟ್, ಸ್ಯಾನಿಟೈಸರ್ ಇವುಗಳನ್ನು ಈ ಡಬ್ಬದೊಳಗೆ ಯಾವ ಕಾರಣಕ್ಕೂ ಉರಿಸಬೇಡಿ. ಸ್ಪಿರಿಟ್ಟಿನ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೇ ಬೀಳುವುದಿಲ್ಲ, ಆರಿದೆ ಎಂದುಕೊಂಡು ಮೇಲಿಂದ ಸುರಿಯಲು ಹೋಗಿ ಕೈ ಮುಖ ಸುಟ್ಟುಕೊಂಡವರಿದ್ದಾರೆ.